ನನ್ನ ಗುಡ್ಡಕ್ಕೆ ಬಂದ ವಿಮರ್ಶೆ

ಹೋದ ತಿಂಗಳು ಹೊಳಲ್ಕೆರೆಯಲ್ಲಿ ನಂಟರ ಮದುವೆಯಿತ್ತು. ತುಮಕೂರಿನಿಂದ ನಾನು ಹತ್ತಿದ ಬಸ್ಸು ಹೊಸದುರ್ಗದಲ್ಲಿ ಕಾಲು ಗಂಟೆ ನಿಂತಿತು. ಡ್ರೈವರು, ಕಂಡಕ್ಟರು ಇಬ್ಬರೂ ಟೀ ಕುಡಿಯಲು ಇಳಿದುಹೋದರು. ನಾನು ಕಿಟಕಿ ಸರಿಸಿದೆ. ಒಣಗುತ್ತಿರುವ ಕೊಬ್ಬರಿಯ ಜಿಡ್ಡು ವಾಸನೆ, ಎಲ್ಲೋ ತೆಂಗಿನ ಮಟ್ಟೆ ಉರಿಯುತ್ತಿರುವ ಹೊಗೆ, ಎರಡೂ ಒಟ್ಟಿಗೇ ಒಳಗೆ ಬಂದವು. ಕೆಲವು ವರ್ಷಗಳ ಹಿಂದೆ ನಾನು ಆ ವಾಸನೆಯಲ್ಲೇ ಏಳುತ್ತಿದ್ದೆ, ಅದರಲ್ಲೇ ಉಣ್ಣುತ್ತಿದ್ದೆ, ಒಗೆದ ಬಟ್ಟೆಯಲ್ಲೂ ಅದೇ ಇರುತ್ತಿತ್ತು. ನನ್ನ ರೂಮು ಇದ್ದದ್ದು ರುದ್ರಪ್ಪನವರ ಕೊಬ್ಬರಿ ಗೋದಾಮಿನ ಮೇಲೆ, ಬಸ್‌ಸ್ಟ್ಯಾಂಡಿನಿಂದ ಐದು ನಿಮಿಷದ ದಾರಿ. ಹೋಗಿ ನೋಡಿ ಬರುವಷ್ಟು ಹೊತ್ತಿತ್ತು. ಹೋಗಲಿಲ್ಲ. ಅಲ್ಲಿ ನನ್ನ ಗುರುತು ಹಿಡಿಯುವವರು ಯಾರೂ ಇರಲಿಕ್ಕಿಲ್ಲ ಅನ್ನಿಸಿತು. ನಾನು ಅಲ್ಲಿದ್ದಾಗಲೂ ಅಂಥವರು ಹೆಚ್ಚಿಗೆ ಇರಲಿಲ್ಲ.

ಆಗ ನನಗೆ ಮೂವತ್ತೊಂದು. ನಾವು ಏಳು ಜನ ಸೇರಿ ಒಂದು ವಿಡಿಯೊ ಗೇಮ್ ಮಾಡುತ್ತಿದ್ದೆವು. ಆಫೀಸು ಅಂತ ಇರಲಿಲ್ಲ. ಒಬ್ಬೊಬ್ಬರು ಒಂದೊಂದು ಊರಿನಲ್ಲಿ ಕೂತು ಕೆಲಸ ಮಾಡುತ್ತಿದ್ದೆವು. ಮೈಸೂರಿನ ಶಶಿಧರ ನಮ್ಮ ಮುಂದಾಳು, ಆಟದ ಯೋಚನೆಯೂ ಅವನದೇ. ಹೆಸರು ‘ನೂರು ಬುರುಜು’. ಕೋಟೆ ಕಳೆದುಕೊಂಡ ಕಾವಲುಗಾರ್ತಿಯೊಬ್ಬಳು ಎರಡು ಕೈಯಲ್ಲಿ ಹಿಡಿಯಬೇಕಾದ ದೊಡ್ಡ ಕತ್ತಿಯನ್ನು ಹೊತ್ತು, ದೆವ್ವಗಳ ಪಾಲಾದ ಬುರುಜುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತ ಹೋಗುತ್ತಾಳೆ. ಆಡುವವರು ಕತ್ತಿ ಬೀಸಬೇಕು, ಕೊಚ್ಚಬೇಕು, ಮುಂದೆ ಸಾಗಬೇಕು. ಕೊಂದಷ್ಟೂ ಅವಳ ಬಲ ಹೆಚ್ಚುತ್ತದೆ, ಹೊಸ ಕವಚ, ಹೊಸ ಮಂತ್ರ ಸಿಗುತ್ತವೆ. ಈ ಬಗೆಯ ಆಟಗಳು ಲೋಕದಲ್ಲಿ ಬೇಕಾದಷ್ಟಿವೆ. ನಮ್ಮದು ಅವುಗಳಿಗಿಂತ ಬೇರೆ ಎಂದು ನಾವು ಏಳೂ ಜನ ನಂಬಿದ್ದೆವು.

ದೆವ್ವಗಳನ್ನು ರೂಪಿಸುವವನು ಒಬ್ಬ, ಕತ್ತಿಯ ಓಟ ನೋಡಿಕೊಳ್ಳುವವಳು ಇನ್ನೊಬ್ಬಳು. ನನ್ನ ಪಾಲಿಗೆ ಬಂದದ್ದು ನೆಲ. ನಾಲ್ಕನೆಯ ಬುರುಜಿನಿಂದ ಐದನೆಯದಕ್ಕೆ ಹೋಗಲು ಕಾವಲುಗಾರ್ತಿ ಕಲ್ಲುಗುಡ್ಡಗಳ ಒಂದು ದೊಡ್ಡ ಬಯಲನ್ನು ದಾಟಬೇಕು. ಆ ಬಯಲು ಪೂರ್ತಿ ನನ್ನದು. ತುಮಕೂರಿನ ಅಣ್ಣನ ಮನೆಯ ಒಂದು ಕೋಣೆಯಲ್ಲಿ ಕೂತು ಅದನ್ನು ಮಾಡಲು ನನಗೆ ಆಗುತ್ತಿರಲಿಲ್ಲ. ಹೊಸದುರ್ಗದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಗೆಳತಿ ಶೈಲಜಾ, ನಮ್ಮೂರ ಸುತ್ತ ಕಲ್ಲಿಗೇನು ಬರ, ಬಾ, ಜೊತೆಗಿರೋಣ ಎಂದಳು. ಆಷಾಢದಲ್ಲಿ ಹೋದೆ. ಹೋಗಿ ಒಂದು ತಿಂಗಳಾಗುವಷ್ಟರಲ್ಲಿ ಅವಳಿಗೆ ಬೀದರಿಗೆ ವರ್ಗವಾಯಿತು. ತನ್ನ ಗ್ಯಾಸ್ ಸ್ಟೋವನ್ನೂ ಎರಡು ಕುರ್ಚಿಗಳನ್ನೂ ನನಗೆ ಬಿಟ್ಟು ಹೋದಳು. ಎರಡನೆಯ ಕುರ್ಚಿಯ ಮೇಲೆ ನಾನು ಬಟ್ಟೆ ಹಾಕತೊಡಗಿದೆ.

ವಾಪಸು ಹೋಗಬಹುದಿತ್ತು. ಆದರೆ ಅಷ್ಟರಲ್ಲಿ ಗುಡ್ಡ ಹಿಡಿದುಬಿಟ್ಟಿತ್ತು. ಬೆಳಿಗ್ಗೆ ಎದ್ದು ಒಂದು ಬನ್ನು, ನೀರಿನ ಬಾಟಲಿ, ಕ್ಯಾಮೆರಾ ಹಿಡಿದು ಊರಾಚೆ ನಡೆದುಬಿಡುತ್ತಿದ್ದೆ. ತೆಂಗಿನ ತೋಟಗಳು ಮುಗಿದು ರಾಗಿಯ ಹೊಲಗಳು, ಹೊಲಗಳು ಮುಗಿದು ಜಾಲಿ, ಕಾರೆ, ತಂಗಡಿ ಗಿಡಗಳು, ಆಮೇಲೆ ಬರಿಯ ಬಂಡೆ. ಆಷಾಢದ ಗಾಳಿ ಅಲ್ಲಿ ಮೈಯನ್ನು ಹಿಂದಕ್ಕೆ ತಳ್ಳುತ್ತಿತ್ತು. ಮೋಡ ತುಂಬಿರುತ್ತಿತ್ತು, ಮಳೆ ಮಾತ್ರ ನಾಲ್ಕು ಹನಿ ಉದುರಿಸಿ ಮುಂದೆ ಹೋಗುತ್ತಿತ್ತು. ನಾನು ಬಂಡೆಯ ಬಿರುಕುಗಳನ್ನು ಹತ್ತಿರದಿಂದ, ದೂರದಿಂದ, ಬಿಸಿಲಿನಲ್ಲಿ, ಮೋಡದಲ್ಲಿ ಫೋಟೊ ತೆಗೆಯುತ್ತಿದ್ದೆ. ಟೇಪು ಹಿಡಿದು ಅಳೆಯುತ್ತಿದ್ದೆ. ಮಧ್ಯಾಹ್ನ ರೂಮಿಗೆ ಬಂದು ಸಂಜೆಯವರೆಗೆ ಅದನ್ನೇ ಪರದೆಯ ಮೇಲೆ ಎಬ್ಬಿಸುತ್ತಿದ್ದೆ. ಕೆಲವು ವಾರ ನಾನು ಬಾಯಿಬಿಟ್ಟು ಆಡಿದ ಮಾತೆಂದರೆ ಬೇಕರಿಯಲ್ಲಿ ಕೇಳಿದ ಬನ್ನು, ತರಕಾರಿಯವಳ ಹತ್ತಿರ ಕೇಳಿದ ಸೊಪ್ಪು, ಅಷ್ಟೆ. ರುದ್ರಪ್ಪನವರು ನಾನು ಯಾವುದೋ ದೊಡ್ಡ ಪರೀಕ್ಷೆಗೆ ಓದುತ್ತಿದ್ದೇನೆಂದು ತಿಳಿದುಕೊಂಡಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ಮಾರಕ್ಕ ಸಿಕ್ಕಿದ್ದು ಅಲ್ಲೇ, ಗುಡ್ಡದ ಪಶ್ಚಿಮದ ಇಳಿಜಾರಿನಲ್ಲಿ. ಐವತ್ತು ದಾಟಿದ ಹೆಂಗಸು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಸೊಪ್ಪು ಕೊಯ್ಯುವ ದೋಟಿ. ಅವಳೂ ಅವಳ ಗಂಡ ತಿಮ್ಮಣ್ಣನೂ ಗುಡ್ಡದ ಆಚೆ ಬದಿಯ ಹಟ್ಟಿಯವರು, ಕುರಿ ಸಾಕುವವರು. ನಾನು ಟೇಪು ಹಿಡಿದು ಬಂಡೆ ಅಳೆಯುತ್ತಿದ್ದುದನ್ನು ಅವಳು ಎರಡು ದಿನ ದೂರದಿಂದ ನೋಡಿ ಮೂರನೆಯ ದಿನ ಹತ್ತಿರ ಬಂದು, ನೀವು ಫ್ಯಾನಿನ ಕಂಪನಿಯವರಾ, ಇಲ್ಲೂ ಕಂಬ ನೆಡುತ್ತೀರಾ ಎಂದು ಕೇಳಿದಳು. ಎದುರಿನ ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿದ್ದವು. ಅಲ್ಲ, ಚಿತ್ರ ಬರೆಯಲು ಬಂದಿದ್ದೇನೆ ಅಂದೆ. ಅಳತೆ ಹಿಡಿದು ಬರೆಯುವ ಚಿತ್ರ ಯಾವುದು ಎಂದು ಅವಳ ಮುಖದಲ್ಲಿ ಅನುಮಾನ ಉಳಿದೇ ಇತ್ತು. ಆಮೇಲೆ ದಿನಾ ಕಂಡು ಕಂಡು ಅಭ್ಯಾಸವಾಯಿತು. ಅವಳು ದೂರದಿಂದ ದೋಟಿ ಎತ್ತುತ್ತಿದ್ದಳು, ನಾನು ಕೈ ಎತ್ತುತ್ತಿದ್ದೆ. ಒಂದೆರಡು ಸಲ ರೊಟ್ಟಿ ಕೊಟ್ಟಳು. ಅದಕ್ಕಿಂತ ಹೆಚ್ಚಿನ ಮಾತಿಲ್ಲ. ನಿಜ ಹೇಳಬೇಕೆಂದರೆ, ಅವಳ ಮಂದೆ ನನ್ನ ಬಂಡೆಗೆ ಅಡ್ಡ ಬಂದಾಗ, ಕೊನೆಯ ಕುರಿ ಮರೆಯಾಗುವವರೆಗೂ ಕಾದು ನಾನು ಫೋಟೊ ತೆಗೆಯುತ್ತಿದ್ದೆ.

ಕಾರ್ತಿಕದಲ್ಲಿ ಆಟ ಹೊರಗೆ ಬಂತು. ಅವತ್ತು ಬೆಳಿಗ್ಗೆ ನಾವು ಏಳೂ ಜನ ಫೋನಿನಲ್ಲಿ ಒಟ್ಟಿಗೆ ಕೂತಿದ್ದೆವು. ಯಾರೋ ಮನೆಯಲ್ಲಿ ಕೇಸರಿಬಾತು ಮಾಡಿಸಿದ್ದರು, ತೋರಿಸಿದರು. ಮಧ್ಯಾಹ್ನದ ಹೊತ್ತಿಗೆ ಮೊದಲ ವಿಮರ್ಶೆ ಬಂತು. ಹೊರದೇಶದ್ದು, ಇಂಗ್ಲಿಷಿನದು, ಉದ್ದದ್ದು. ಶಶಿಧರ ಗಟ್ಟಿಯಾಗಿ ಓದಿದ. ಕತ್ತಿಯ ಭಾರ ಆಡುವವರ ಮುಂಗೈಗೆ ತಿಳಿಯುತ್ತದೆ ಎಂದಿತ್ತು. ಕೊಚ್ಚುವ ಆಟಗಳಲ್ಲಿ ಇಷ್ಟು ನಿಧಾನ, ಇಷ್ಟು ಗಂಭೀರವಾದ ಹೊಡೆತ ಅಪರೂಪ ಎಂದಿತ್ತು. ಎಲ್ಲರೂ ಕೂಗಿಕೊಂಡರು. ದೆವ್ವಗಳು ನಾಲ್ಕೇ ಬಗೆ, ಬಣ್ಣ ಬದಲಾಯಿಸಿ ಮತ್ತೆ ಮತ್ತೆ ಬರುತ್ತವೆ ಎಂದಿತ್ತು. ಅದು ನಮಗೂ ಗೊತ್ತಿತ್ತು, ನಕ್ಕರು. ಆಮೇಲೆ ಶಶಿಧರನ ದನಿ ತಗ್ಗಿತು. ನಾಲ್ಕನೆಯ ಬುರುಜಿನ ನಂತರದ ಬಯಲು ಸತ್ತ ನೆಲ, ಅದನ್ನು ದಾಟುವ ಒಂದು ಗಂಟೆ ಆಟದ ಉಸಿರನ್ನೇ ಹಿಂಡುತ್ತದೆ, ಬಹುಶಃ ಇದನ್ನು ಮಾಡಿದವರು ಕೆಲಸ ಅರ್ಧಕ್ಕೆ ಬಿಟ್ಟಿದ್ದಾರೆ ಎಂದು ಬರೆದಿತ್ತು. ಆ ನೆಲ ಯಾರದೆಂದು ಆರು ಜನಕ್ಕೂ ಗೊತ್ತಿತ್ತು.

ಆ ವಾರವೆಲ್ಲ ಒಂದರ ಹಿಂದೆ ಒಂದು ಬಂದವು. ಒಬ್ಬರು ಸಂಗೀತ ಮೆಚ್ಚಿದರು, ಇನ್ನೊಬ್ಬರು ಕತೆ ದಾರದಷ್ಟು ತೆಳ್ಳಗಿದೆ ಎಂದರು. ಒಬ್ಬರು ಹತ್ತಕ್ಕೆ ಏಳು ಕೊಟ್ಟರೆ ಇನ್ನೊಬ್ಬರು ಐದು. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ, ಆದರೆ ಬಯಲಿನ ವಿಷಯದಲ್ಲಿ ಎಲ್ಲರದೂ ಒಂದೇ ಮಾತು. ಕೆಸರಿನ ಬಣ್ಣ, ಖಾಲಿ, ಬೇಸರ. ಕೊನೆಗೆ ಕನ್ನಡದಲ್ಲೂ ಒಂದು ಬಂತು. ನಮ್ಮ ಸೀಮೆಯವನೇ ಒಬ್ಬ ಹುಡುಗ ಆಟಗಳ ಬಗ್ಗೆ ವಿಡಿಯೊ ಮಾಡುತ್ತಿದ್ದ. ಕತ್ತಿಯನ್ನು ಬಾಯಿತುಂಬ ಹೊಗಳಿದ. ಬಯಲು ಬಂದಾಗ ಆಟ ನಿಲ್ಲಿಸಿ, ಕ್ಯಾಮೆರಾದ ಕಡೆ ತಿರುಗಿ ಹೇಳಿದ: “ಇದನ್ನ ನೋಡಾಕೆ ಗೇಮ್ ಯಾಕ್ ಬೇಕ್ರಿ? ಹಿರಿಯೂರು ಬಸ್ಸು ಹತ್ತಿ ಕಿಟಕಿ ಪಕ್ಕ ಕುಂತ್ಕಂಡ್ರೆ ಸಾಕು.”

ಹೊರಗಿನವರು ಅಂದದ್ದನ್ನು ಹೇಗೋ ನುಂಗಿದ್ದೆ. ಇದು ನುಂಗಲಾಗಲಿಲ್ಲ. ಅವನು ಜಾಗವನ್ನು ಗುರುತು ಹಿಡಿದಿದ್ದ. ಗುರುತು ಹಿಡಿದೂ ಬೇಡವೆಂದಿದ್ದ.

ಐದಾರು ದಿನ ನಾನು ಗುಡ್ಡದ ಕಡೆ ಹೋಗಲಿಲ್ಲ. ಅನ್ನ ಮಾಡಲೂ ಮನಸ್ಸಾಗದೆ ಅವಲಕ್ಕಿ ನೆನೆಸಿ ತಿನ್ನುತ್ತಿದ್ದೆ. ಆ ವಾಕ್ಯಗಳನ್ನು ಯಾರಿಗಾದರೂ ಹೇಳಬೇಕಿತ್ತು. ಶೈಲಜಾಳಿಗೆ ಫೋನು ಮಾಡಿದರೆ ಹೊಸ ಕಾಲೇಜಿನ ಕಷ್ಟ ಹೇಳಿದಳು, ಕೇಳಿದೆ. ಅಣ್ಣನಿಗೆ ಮಾಡಿದರೆ ಆಟ ಬಂತಲ್ಲ, ಇನ್ನು ಮನೆಗೆ ಬಾ ಎಂದ. ಕೆಳಗೆ ನೀರು ತರಲು ಇಳಿದಾಗ ರುದ್ರಪ್ಪನವರು ಕೊಬ್ಬರಿ ಚೀಲಗಳ ನಡುವೆ ನಿಂತು ನನ್ನ ಮುಖ ನೋಡಿ, ರಿಸಲ್ಟ್ ಬಂತೇನಮ್ಮ ಎಂದು ಕೇಳಿದರು. ಬಂತು ಅಂದೆ. ಏನಾಯಿತು ಅಂದರು. ಸುಮಾರಾಗಿ ಪಾಸು ಎಂದೆ. ಅವರು, ಬೇಜಾರು ಮಾಡ್ಕಬೇಡ್ರಿ, ಇನ್ನೊಂದ್ಸಲ ಕಟ್ರಿ ಎಂದರು. ಆ ವಾರ ನನಗೆ ಯಾರಾದರೂ ಹೇಳಿದ ಸಮಾಧಾನದ ಮಾತು ಅದೊಂದೇ.

ಭಾನುವಾರ ಶಶಿಧರನ ಫೋನು ಬಂತು. ಅವನು ಕೆಟ್ಟವನಲ್ಲ. ಮಾತು ಶುರುಮಾಡಲು ಬಹಳ ಹೊತ್ತು ತೆಗೆದುಕೊಂಡ. “ನೋಡು ಸುಮಾ, ಬೇರೆ ಬೇರೆ ಜನ ಬೇರೆ ಬೇರೆ ಕಡೆ ಬೈದಿದ್ರೆ ಬಿಟ್ಟುಬಿಡ್ತಿದ್ದೆ. ಎಲ್ರೂ ಒಂದೇ ಜಾಗಕ್ಕೆ ಬೈದಿದಾರೆ.” ಬಯಲನ್ನು ತೆಗೆದು ಅಲ್ಲಿ ಕಾಡು ಇಡೋಣ ಎಂದ. ಮರಗಳು ಸಿದ್ಧವಾಗಿಯೇ ಸಿಗುತ್ತವೆ, ನೆಟ್ಟರಾಯಿತು, ಹಸಿರು ಕಂಡರೆ ಜನ ಸುಮ್ಮನಾಗುತ್ತಾರೆ. ಸಂಕ್ರಾಂತಿಗೆ ಹೊಸ ಅಪ್‌ಡೇಟ್ ಬಿಡಬೇಕು. “ನೀನೇ ಮಾಡ್ತೀಯಾ, ಇಲ್ಲ ಬೇರೆಯವರ ಕೈಲಿ ಮಾಡಿಸ್ಲಾ?” ಎರಡು ದಿನ ಕೊಡು ಎಂದೆ.

ಮರುದಿನ ಬೆಳಿಗ್ಗೆ ಬರಿಗೈಯಲ್ಲಿ ಗುಡ್ಡಕ್ಕೆ ಹೋದೆ. ಕ್ಯಾಮೆರಾ ಒಯ್ಯಲಿಲ್ಲ. ಮಾರಕ್ಕ ಬಂಡೆಯೊಂದರ ನೆರಳಿನಲ್ಲಿ ಕೂತು ಕುರಿಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದಳು. ಎಲ್ಲಿಗೆ ಹೋಗಿದ್ದೆ, ಇಷ್ಟು ದಿನ ಕಾಣಲಿಲ್ಲವಲ್ಲ ಎಂದಳು. ಅವಳ ಪಕ್ಕ ಕೂತೆ. ಯಾಕೋ ಎಲ್ಲವನ್ನೂ ಹೇಳಿಬಿಟ್ಟೆ. ಈ ಗುಡ್ಡವನ್ನೇ ನೋಡಿ ಒಂದು ಆಟದಲ್ಲಿ ನೆಲ ಬರೆದದ್ದು, ಅದನ್ನು ಲೋಕದ ಜನ ಸತ್ತ ನೆಲ ಅಂದದ್ದು, ಈಗ ಅದನ್ನು ಅಳಿಸಿ ಕಾಡು ಹಾಕಬೇಕಾಗಿರುವುದು. ಅವಳಿಗೆ ಆಟವೆಂದರೆ ಏನು ಎಂದು ತಿಳಿಯಿತೋ ಇಲ್ಲವೋ ಗೊತ್ತಿಲ್ಲ. ಅಂದವರು ಇಲ್ಲಿಗೆ ಬಂದಿದ್ದರಾ ಎಂದು ಕೇಳಿದಳು. ಇಲ್ಲ ಅಕ್ಕ, ನಾನು ಬರೆದದ್ದನ್ನು ನೋಡಿ ಅಂದರು ಎಂದೆ.

“ಹಂಗಾರೆ ನಂಗೂ ತೋರ್ಸು,” ಎಂದಳು. “ನೋಡ್ದಲೆ ನಾನು ಏನು ಹೇಳಾನ?”

ಮಧ್ಯಾಹ್ನ ಲ್ಯಾಪ್‌ಟಾಪ್ ಹೊತ್ತು ಅವರ ಹಟ್ಟಿಗೆ ಹೋದೆ. ಬೇವಿನ ಮರದ ಕೆಳಗೆ ಕಂಬಳಿ ಹಾಸಿದರು. ತಿಮ್ಮಣ್ಣ ಸಣ್ಣ ಆಳು, ಮಾತು ಕಮ್ಮಿ, ಆದರೆ ಕಾವಲುಗಾರ್ತಿ ಮೊದಲ ದೆವ್ವವನ್ನು ಸೀಳಿದಾಗ ಮಂಡಿಗೆ ಹೊಡೆದುಕೊಂಡು ನಕ್ಕ, ಇನ್ನೊಂದು ಹೊಡೆಸು ಎಂದ. ನಾಲ್ಕಾರು ದೆವ್ವಗಳಾದ ಮೇಲೆ ಮಾರಕ್ಕ, ಹೊಡೆದಾಟ ಸಾಕು, ಆ ಹೆಣ್ಣುಮಗಳನ್ನು ಸುಮ್ಮನೆ ನಡೆಸು ಎಂದಳು. ನಡೆಸಿದೆ. ಬಯಲು ಬಂತು. ಮಾರಕ್ಕ ಪರದೆಗೆ ಮುಖ ತಂದು ನೋಡುತ್ತ ಹೋದಳು. ಇದು ದೊಣೆಯ ಮೇಲಿನ ಬಂಡೆ ಅಂದಳು. ಬಂಡೆಯ ಸಂದಿನಲ್ಲಿ ನೀರು ನಿಲ್ಲುವ ಗುಂಡಿಗೆ ಅವರು ದೊಣೆ ಅನ್ನುತ್ತಾರೆ. ಇದು ಎರಡು ಸೀಳಾದ ಕಲ್ಲು ಅಂದಳು. ಇಬ್ಬರೂ ಒಂದೂ ತಪ್ಪದೆ ಹೆಸರು ಹೇಳಿದರು. ಆಟ ಬಂದ ಮೇಲೆ ಮೊದಲ ಸಲ ಯಾರೋ ನನ್ನ ಕೆಲಸವನ್ನು ಪೂರ್ತಿ ನೋಡುತ್ತಿದ್ದರು.

ಬಹಳ ಹೊತ್ತಿನ ಮೇಲೆ ಅವಳು ಹಿಂದಕ್ಕೆ ಸರಿದು ಕೂತಳು.

“ಕಲ್ಲೆಲ್ಲ ಸರಿಯಾಗವೆ. ಆದ್ರೆ ಇಲ್ಲಿ ಯಾವತ್ತೂ ಯಾರೂ ಬಂದಂಗಿಲ್ಲ ಕಣವ್ವ. ಕುರಿ ನಡೆದ ಜಾಡೆಲ್ಲೈತೆ? ನೀರಿಗೆ ಯಾವ ಕಡೆಯಿಂದ ಇಳೀತವೆ? ಈ ಜಾಲಿಗಿಡ ನೋಡು, ನೆಲದವರೆಗೂ ಎಲೆ ಐತೆ. ಮೇಕೆ ಬಾಯಿಗೆ ಸಿಕ್ಕೋ ಗಿಡ ಹಿಂಗಿರ್ತದಾ?”

ಅವಳು ಬೈಯುತ್ತಿರಲಿಲ್ಲ, ಕಂಡದ್ದನ್ನು ಹೇಳುತ್ತಿದ್ದಳು.

“ಅವ್ರು ಅಂದಿದ್ದು ಸುಳ್ಳಲ್ಲ ಬಿಡು,” ಎಂದಳು. “ನಮ್ಮನ್ನೆಲ್ಲ ಎತ್ತಾಕಿ ಗುಡ್ಡ ಬರೆದೀಯ ನೀನು.”

ದೇಶವಿದೇಶದ ವಿಮರ್ಶೆಗಳನ್ನೆಲ್ಲ ಓದಿ ನಾನು ಅತ್ತಿರಲಿಲ್ಲ. ಅವತ್ತು ಹಟ್ಟಿಯಿಂದ ವಾಪಸು ಬರುವ ದಾರಿಯಲ್ಲಿ ಅತ್ತೆ. ಅವಮಾನಕ್ಕಲ್ಲ. ಅವಳು ಹೇಳಿದ್ದು ನಿಜವೆಂದು ನನಗೆ ಗೊತ್ತಿತ್ತು. ನಾಲ್ಕೈದು ತಿಂಗಳು ನಾನು ಮಂದೆ ಹಾದುಹೋಗಲಿ ಎಂದು ಕಾದದ್ದು, ಹೊಲಕ್ಕೆ ಹೋಗುವ ಹೆಂಗಸರು ಕಣ್ಣಿಂದ ಮರೆಯಾಗಲಿ ಎಂದು ಕಾದದ್ದು, ಕಾಲುದಾರಿ ಚೌಕಟ್ಟಿನೊಳಗೆ ಬಾರದ ಹಾಗೆ ಕ್ಯಾಮೆರಾ ಓರೆಮಾಡಿದ್ದು, ಎಲ್ಲ ನೆನಪಾಯಿತು. ಗುಡ್ಡ ನನ್ನ ಹಾಗೆ ಒಂಟಿಯಾಗಿದ್ದರೆ ನನಗೆ ಹಿತವಾಗುತ್ತಿತ್ತು. ಅದು ಯಾವತ್ತೂ ಹಾಗಿರಲಿಲ್ಲ.

ಶಶಿಧರನಿಗೆ ಫೋನು ಮಾಡಿ ಕಾಡು ಬೇಡ, ಅದೇ ನೆಲ ಇರಲಿ, ನಾನು ಅದರಲ್ಲಿ ದಾರಿ ಹಾಕುತ್ತೇನೆ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಸತ್ತದ್ದು ಅಂದವರಿಗೆ ಕಾಲುದಾರಿ ತೋರಿಸಿದರೆ ಏನು ಪ್ರಯೋಜನ ಎಂದು ಕೇಳಿದ. ದಾರಿ ಹಾಕುತ್ತೇನೆ ಎಂದೇ ಮತ್ತೆ ಹೇಳಿದೆ. ಕೊನೆಗೆ ಬೇಸತ್ತು, ಸಂಕ್ರಾಂತಿಯವರೆಗೆ ಟೈಮು, ಆಮೇಲೆ ಮರ ಎಂದ.

ಆ ಎರಡು ತಿಂಗಳು ನಾನು ದಿನಾ ಬೆಳಿಗ್ಗೆ ಮಾರಕ್ಕನ ಮಂದೆಯ ಹಿಂದೆ ನಡೆದೆ. ಚಳಿಗಾಲದ ಎಳೆಬಿಸಿಲು, ಬಾಡುತ್ತ ಬಂದ ಹುಲ್ಲು. ಕುರಿ ಗುಡ್ಡವನ್ನು ನೆಟ್ಟಗೆ ಹತ್ತುವುದಿಲ್ಲ, ಓರೆಯಾಗಿ ಹತ್ತುತ್ತದೆ ಎಂದು ಆಗ ತಿಳಿಯಿತು. ದೊಡ್ಡ ಕಲ್ಲು ಎದುರಾದಲ್ಲಿ ಜಾಡು ಎರಡಾಗಿ ಒಡೆದು ಆಚೆ ಮತ್ತೆ ಕೂಡುತ್ತದೆ. ನೀರು ಹತ್ತಿರವಾದಂತೆ ಅಗಲವಾಗುತ್ತದೆ, ಮಣ್ಣು ಹಿಟ್ಟಿನಂತೆ ನುಣ್ಣಗಾಗುತ್ತದೆ. ಮಂದೆ ಮಧ್ಯಾಹ್ನ ಮಲಗುವ ಕಡೆ ಕುರಿಗಳು ಮೈ ಉಜ್ಜಿ ಉಜ್ಜಿ ಬಂಡೆಯ ಬುಡ ಎಣ್ಣೆ ಸವರಿದಂತೆ ಕಪ್ಪಗೆ ಹೊಳೆಯುತ್ತದೆ. ಕಾರೆಯ ಮುಳ್ಳಿನಲ್ಲಿ ಉಣ್ಣೆಯ ಎಳೆ ಸಿಕ್ಕಿರುತ್ತದೆ. ಜಾಲಿಗಿಡಗಳು ಮೇಕೆ ಹಿಂಗಾಲಿನ ಮೇಲೆ ನಿಂತರೆ ಎಟುಕುವಷ್ಟು ಎತ್ತರದವರೆಗೆ ಬೋಳು, ಅದರ ಮೇಲೆ ಕತ್ತರಿಸಿದಂತೆ ಒಂದೇ ಮಟ್ಟಕ್ಕೆ ಎಲೆ. ನಾಲ್ಕೈದು ತಿಂಗಳು ಆ ಗಿಡಗಳನ್ನು ನೋಡಿದ್ದೆ, ಆ ಗೆರೆ ಮಾತ್ರ ಕಂಡಿರಲಿಲ್ಲ.

ಮಾರಕ್ಕ ಪಾಠ ಹೇಳುವವಳಲ್ಲ. ನಡೆಯುತ್ತ ದೋಟಿಯ ತುದಿಯಲ್ಲಿ ತೋರಿಸುತ್ತಿದ್ದಳು, ಅಷ್ಟೆ. ಒಂದು ದಿನ ಮಾತ್ರ, ಮನೆಯವರು ಯಾರೂ ಇಲ್ಲವಾ ಎಂದು ಕೇಳಿದಳು. ಅಣ್ಣ ಇದ್ದಾನೆ ಎಂದೆ. ಅವಳು ತನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಕೈಗೆ ಹಾಕಿದಳು. ಅವಳಿಗೆ ಮಕ್ಕಳಿದ್ದಾರೋ ಇಲ್ಲವೋ ಎಂದು ನಾನು ಕೇಳಲೇ ಇಲ್ಲ. ಕೇಳಬಹುದಿತ್ತು ಎಂದು ಈಗ ಅನ್ನಿಸುತ್ತದೆ.

ಬಯಲಿನಲ್ಲಿ ಕುರಿಗಳನ್ನೇ ಬಿಡಲು ಸಮಯವೂ ಇರಲಿಲ್ಲ, ಅವುಗಳನ್ನು ಓಡಾಡಿಸುವ ಕೈಯೂ ನಮ್ಮಲ್ಲಿ ಖಾಲಿಯಿರಲಿಲ್ಲ. ಕುರಿ ಹೋದ ಗುರುತುಗಳನ್ನು ಇಟ್ಟೆ. ಜಾಡು, ಸವೆದ ಬಂಡೆ, ಉಣ್ಣೆ, ಮೂರು ಕಲ್ಲಿನ ಒಲೆ, ಅದರ ಬೂದಿ. ಮಾರಕ್ಕನ ಮಂದೆಯ ಗಂಟೆಗಳನ್ನು ಫೋನಿನಲ್ಲಿ ಹಿಡಿದು, ನೀರಿನ ಹತ್ತಿರ ಹೋದರೆ ದೂರದಲ್ಲೆಲ್ಲೋ ಕೇಳುವ ಹಾಗೆ ಮಾಡಿದೆ. ದೊಣೆಯ ಸುತ್ತ ದೆವ್ವಗಳು ಬಾರದಂತೆ ಮಾಡಿಸಿಕೊಂಡೆ. ಸಂಕ್ರಾಂತಿಗೆ ಎರಡು ದಿನವಿರುವಾಗ ಕೆಲಸ ಕಳಿಸಿದೆ. ಶಶಿಧರ ನೋಡಿ, ಚೆನ್ನಾಗಿದೆ, ಆದರೆ ಇದನ್ನು ಯಾರು ಗಮನಿಸುತ್ತಾರೆ ಎಂದ. ಮರದ ಮಾತು ಎತ್ತಲಿಲ್ಲ.

ಹಬ್ಬದ ಮರುದಿನ ಎಳ್ಳುಬೆಲ್ಲ ಕಟ್ಟಿಕೊಂಡು ಗುಡ್ಡಕ್ಕೆ ಹೋದೆ. ಮಂದೆ ಇರಲಿಲ್ಲ. ಹಿಕ್ಕೆಗಳು ಒಣಗಿದ್ದವು. ಹಟ್ಟಿಗೆ ಹೋದರೆ ಅವರ ಬಾಗಿಲಿಗೆ ಚಿಲಕ ಹಾಕಿತ್ತು. ಪಕ್ಕದ ಮನೆಯ ಮುದುಕಿ, ಅವರು ಹೊರಟು ಮೂರು ದಿನವಾಯಿತು, ಹೊಳಲ್ಕೆರೆ ಕಡೆ ಹೋಗಿದ್ದಾರೆ, ಮಳೆಗಾಲಕ್ಕೆ ಬರುತ್ತಾರೆ ಎಂದಳು. ಇಲ್ಲಿ ಹುಲ್ಲು ಮುಗಿದಾಗ ಪ್ರತಿ ವರ್ಷವೂ ಹೋಗುತ್ತಾರಂತೆ. ಪ್ರತಿ ವರ್ಷ ಮಾಡುವುದನ್ನು ಯಾರಿಗೂ ಹೇಳಿ ಮಾಡುವುದಿಲ್ಲ. ಅದು ನನಗೂ ಗೊತ್ತು. ಆದರೂ ಎಳ್ಳುಬೆಲ್ಲದ ಪೊಟ್ಟಣ ಹಿಡಿದು ಆ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತೇ ಇದ್ದೆ. ಅರ್ಧ ಮುದುಕಿಗೆ ಕೊಟ್ಟೆ.

ಅಪ್‌ಡೇಟ್ ಹೊರಗೆ ಹೋಯಿತು. ಏನೂ ಆಗಲಿಲ್ಲ. ಒಮ್ಮೆ ವಿಮರ್ಶೆ ಬರೆದವರು ಮತ್ತೊಮ್ಮೆ ತಿರುಗಿ ನೋಡುವುದಿಲ್ಲ. ಅವರಿಗೆ ಅಷ್ಟರಲ್ಲಿ ಹತ್ತು ಹೊಸ ಆಟಗಳು ಬಂದಿರುತ್ತವೆ. ಸತ್ತ ನೆಲ ಎಂಬ ಮಾತು ಹಾಗೇ ಉಳಿಯಿತು, ಅಂಕಗಳೂ ಹಾಗೇ ಉಳಿದವು. ಕನ್ನಡದ ಹುಡುಗನಿಗೆ ನಾನೇ ಒಂದು ಸಂದೇಶ ಕಳಿಸಿದೆ, ಇನ್ನೊಮ್ಮೆ ನೋಡಿ ಎಂದು. ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಕೆಲವೇ ವಾರಗಳಲ್ಲಿ ಶಶಿಧರ ಎಲ್ಲರನ್ನೂ ಕೂರಿಸಿ, ಇನ್ನು ಮುಂದುವರಿಸಲು ಆಗುವುದಿಲ್ಲ, ಎಲ್ಲರೂ ಬೇರೆ ಕೆಲಸ ನೋಡಿಕೊಳ್ಳಿ ಎಂದ. ಯಾರೂ ಜಗಳವಾಡಲಿಲ್ಲ. ತಿಂಗಳ ಕೊನೆಗೆ ರೂಮು ಬಿಡುತ್ತೇನೆಂದು ರುದ್ರಪ್ಪನವರಿಗೆ ಹೇಳಿದೆ. ಊರಿಗೆ ಹೋಗಿ ಓದಿದರೂ ಅದೇ ಓದು ಎಂದರು.

ಸಾಮಾನು ಕಟ್ಟುತ್ತಿದ್ದ ದಿನಗಳಲ್ಲೇ ಒಂದು ಬೆಳಿಗ್ಗೆ ಆಟದ ಪುಟದಲ್ಲಿ ಒಂದು ಬರಹ ಕಂಡಿತು. ಬರೆದವನು ವಿಮರ್ಶಕನಲ್ಲ, ಆಡುವವನು. ಅವನ ದೇಶವನ್ನು ನಾನು ನಕ್ಷೆಯಲ್ಲಿ ಹುಡುಕಬೇಕಾಯಿತು. ಅವನ ಇಂಗ್ಲಿಷು ತೊಡಕಿನದು. ದೆವ್ವಗಳಿಂದ ತಪ್ಪಿಸಿಕೊಂಡು ಓಡುತ್ತಿದ್ದೆ, ಇನ್ನೊಂದು ಹೊಡೆತ ಬಿದ್ದರೆ ಸಾಯುತ್ತಿದ್ದೆ, ದಾರಿ ತಪ್ಪಿತ್ತು ಎಂದು ಬರೆದಿದ್ದ. ನೆಲದ ಮೇಲೆ ಸವೆದ ಒಂದು ಗೆರೆ ಕಂಡಿತು, ನನಗಿಂತ ಮುಂಚೆ ಇಲ್ಲಿ ಯಾರೋ ಹೋಗಿದ್ದಾರೆ ಅನ್ನಿಸಿ ಅದನ್ನೇ ಹಿಡಿದು ನಡೆದೆ, ಬಂಡೆಗಳ ನಡುವೆ ನೀರು ಸಿಕ್ಕಿತು, ದೂರದಲ್ಲಿ ಗಂಟೆ ಕೇಳುತ್ತಿತ್ತು, ಆಟ ನಿಲ್ಲಿಸದೆ ಬಹಳ ಹೊತ್ತು ಅಲ್ಲೇ ಕೂತಿದ್ದೆ. ಕೊನೆಗೆ ಒಂದು ಪ್ರಶ್ನೆ ಇತ್ತು. ಇಲ್ಲಿ ನಡೆದವರು ಯಾರು?

ನಾನು ಅದನ್ನು ಎಷ್ಟು ಸಲ ಓದಿದೆನೋ. ಉತ್ತರ ಬರೆಯಲು ಕೂತವಳು ಬರೆಯದೆ ಎದ್ದು ಹಟ್ಟಿಯ ಮುದುಕಿಯಿಂದ ಪಡೆದಿದ್ದ ನಂಬರಿನಲ್ಲಿ ತಿಮ್ಮಣ್ಣನಿಗೆ ಫೋನು ಮಾಡಿದೆ. ನಾಲ್ಕನೆಯ ಸಲಕ್ಕೆ ಎತ್ತಿದ. ತಾಳ್ಯದ ಹತ್ತಿರ ಒಬ್ಬರ ಹೊಲದಲ್ಲಿ ಮಂದೆ ನಿಲ್ಲಿಸಿದ್ದೇವೆ, ನಾಳೆ ಮಧ್ಯಾಹ್ನ ಹೊರಡುತ್ತೇವೆ ಎಂದ. ಮರುದಿನ ಬೆಳಿಗ್ಗೆಯೇ ಹೊಳಲ್ಕೆರೆಗೆ ಹೋಗಿ ಬಸ್ಸು ಬದಲಾಯಿಸಿ ತಾಳ್ಯದಲ್ಲಿ ಇಳಿದು, ಕೇಳುತ್ತ ಕೇಳುತ್ತ ನಡೆದೆ. ಮೆಕ್ಕೆಜೋಳ ಕೊಯ್ದ ಹೊಲದಲ್ಲಿ ಮಂದೆ ಇತ್ತು. ಮಾರಕ್ಕ ರಾತ್ರಿ ಕುರಿ ಕೂಡುವ ಬಲೆ ಸುತ್ತಿ ಕತ್ತೆಯ ಮೇಲೆ ಹೇರುತ್ತಿದ್ದಳು. ನನ್ನನ್ನು ನೋಡಿ ಆಶ್ಚರ್ಯವೇನೂ ಪಡಲಿಲ್ಲ. ಬಂದೆಯಾ, ಈ ಹಗ್ಗದ ತುದಿ ಹಿಡಿ ಎಂದಳು.

ಹಗ್ಗ ಹಿಡಿದುಕೊಂಡೇ ಎಲ್ಲ ಹೇಳಿದೆ. ಒಬ್ಬ ದಾರಿ ತಪ್ಪಿದವನು ಅವಳ ಜಾಡು ಹಿಡಿದು ದೊಣೆಗೆ ಹೋದದ್ದನ್ನು.

“ನೀರು ಸಿಕ್ತಂತಾ?”

“ಸಿಕ್ತಂತೆ.”

“ಕುಡಿದ್ನಾ?”

“ಅದ್ರಲ್ಲಿ ಕುಡಿಯೋಕಾಗಲ್ಲ ಅಕ್ಕ. ಸುಮ್ನೆ ಕೂತಿದ್ನಂತೆ.”

ಅವಳು ಗಂಟು ಬಿಗಿದು, ಕತ್ತೆಯ ಬೆನ್ನು ತಟ್ಟಿ ನೋಡಿದಳು. ಕೂತಿದ್ದರೆ ಸರಿ ಬಿಡು, ದಣಿದವನು ಕೂರಬೇಕು ಎಂದಳು. ಇಲ್ಲಿ ನಡೆದವರು ಯಾರು ಅಂತ ಕೇಳಿದ್ದಾನೆ ಎಂದೆ. ಏನು ಹೇಳಿದೆ ಎಂದಳು. ಇನ್ನೂ ಏನೂ ಹೇಳಿಲ್ಲ ಎಂದೆ.

“ಹೇಳು ಮತ್ತೆ. ಮಾರಕ್ಕ ಅನ್ನೋಳು ಅಂತ ಹೇಳು. ಕೇಳ್ದೋರಿಗೆ ಹೇಳ್ದಲೆ ಇರಬಾರ್ದು.”

ಮಂದೆ ಹೊರಟಿತು. ಡಾಂಬರು ರಸ್ತೆಯವರೆಗೆ ಅವರ ಜೊತೆ ಬಂದೆ. ನಿನ್ನ ಬಸ್ಸು ಇಲ್ಲೇ ನಿಲ್ಲುತ್ತದೆ ಎಂದು ಮಾರಕ್ಕ ಹೇಳಿ ಮುಂದೆ ನಡೆದಳು. ತಿಂಗಳ ಕೊನೆಗೆ ನಾನು ಹೊಸದುರ್ಗ ಬಿಡುವುದನ್ನು ಅವಳಿಗೆ ಹೇಳಿರಲಿಲ್ಲ. ಹೇಳಬೇಕೆಂದುಕೊಂಡಾಗ ಅವಳು ಮಂದೆಯ ಆಚೆ ತುದಿಯಲ್ಲಿದ್ದಳು. ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದ. ನಾನು ಇಲ್ಲವೆಂದು ಕೈಯಾಡಿಸಿ, ಕುರಿಗಳ ಹಿಂದೆ ನಡೆದೆ.

ಮುಂದಿನ ಹಳ್ಳಿಯವರೆಗೆ ನಡೆದೆ, ಎರಡು ಗಂಟೆಯ ದಾರಿ. ಹಿಂದುಳಿದ ಮರಿಯನ್ನು ಒಂದಷ್ಟು ದೂರ ಎತ್ತಿಕೊಂಡೆ, ಆಮೇಲೆ ತಿಮ್ಮಣ್ಣ ಇಸಿದುಕೊಂಡ. ಅಲ್ಲಿ ಬಂದ ಬಸ್ಸಿಗೆ ಮಾರಕ್ಕನೇ ದೋಟಿ ಅಡ್ಡ ಹಿಡಿದಳು. ಹೋಗಿ ಬಾ ಎಂದಳು, ಹೋಗಿ ಬರುತ್ತೇನೆ ಎಂದೆ. ಸೀಟು ಸಿಕ್ಕ ಮೇಲೆ ಫೋನು ತೆಗೆದು ಆ ಪ್ರಶ್ನೆಯ ಕೆಳಗೆ ಉತ್ತರ ಬರೆದೆ. ಮಾರಕ್ಕ ಅನ್ನುವವರು, ಅವರ ಗಂಡ ತಿಮ್ಮಣ್ಣ, ಅವರ ಕುರಿಗಳು. ಕಳಿಸುವ ಮುಂಚೆ ಇನ್ನೊಂದು ಸಲ ಓದಿ, ಕೊನೆಗೆ ಒಂದು ಸಾಲು ಸೇರಿಸಿದೆ. ಸ್ವಲ್ಪ ದೂರ ನಾನೂ.